ಬಿಳಿ ಹಾಸಿನ ಹಿಂದಿನ ಉಗಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಆಸ್ಪತ್ರೆಯ ಹಿಂಬದಿಯ ತಗಡಿನ ಬಾಗಿಲು ತಳ್ಳಿದರೆ ಬಿಸಿ ಹಬೆ ರಪ್ಪನೆ ಮುಖಕ್ಕೆ ಬಡಿಯುತ್ತದೆ. ಒಳಗೆ ಆಳೆತ್ತರದ ಎರಡು ಯಂತ್ರಗಳು ಗುಡುಗುಡು ಸದ್ದು ಮಾಡುತ್ತ ಹಾಸಿಗೆಯ ಬಟ್ಟೆ ಒಗೆಯುತ್ತಿವೆ. ಮೊಣಕೈವರೆಗೆ ಕೈಗವಸು ಏರಿಸಿಕೊಂಡ ಕುಳ್ಳನೆಯ ಹೆಂಗಸೊಬ್ಬಳು ಒದ್ದೆ ಹಾಸುಗಳ ಮುದ್ದೆಯನ್ನು ಎದೆಗವಚಿಕೊಂಡು ಒಣಗಿಸುವ ಯಂತ್ರದತ್ತ ನಡೆಯುತ್ತಾಳೆ. ಮುದ್ದೆಯ ಹಿಂದೆ ಅವಳ ಹಣೆಯಷ್ಟೇ ಕಾಣುತ್ತದೆ.

ಆಸ್ಪತ್ರೆಯವರೆಲ್ಲ ಅವಳನ್ನು ಕರೆಯುವುದು ‘ಉಗಿಯಕ್ಕ’ ಎಂದು. ದಿನವಿಡೀ ಉಗಿಯ ನಡುವೆ ನಿಲ್ಲುವುದರಿಂದ ಆ ಹೆಸರು ಬಂತೋ, ಸೂಜಿ ತೆಗೆಯದೆ ಹಾಸು ಕಳಿಸಿದವರಿಗೆ ಚೆನ್ನಾಗಿ ಉಗಿಯುವುದರಿಂದ ಬಂತೋ, ಯಾರಿಗೂ ಖಚಿತವಿಲ್ಲ. ಕೇಳಿದರೆ, “ಎರಡೂ ಇರ್ಬೋದು, ನಂದೇನೂ ತಕರಾರಿಲ್ಲ” ಎಂದು ನಗುತ್ತಾಳೆ.

ಈಗ ದಿನಕ್ಕೆ ಮುನ್ನೂರು ಚಿಲ್ಲರೆ ಹಾಸು. ಸಾಂಕ್ರಾಮಿಕದ ಆ ವರ್ಷ ಅದರ ಮೂರು ಪಟ್ಟು ಬರುತ್ತಿತ್ತು. ಮಂಚಗಳು ವಾರ್ಡು ದಾಟಿ ಪಡಸಾಲೆಗೆ ಬಂದಿದ್ದವು. ಬಿಸಿನೀರಲ್ಲಿ ಕರಗುವ ಕೆಂಪು ಚೀಲದಲ್ಲಿ ಗಂಟು ಕಟ್ಟಿ ಬಂದ ಬಟ್ಟೆಯನ್ನು ಬಿಚ್ಚುವ ಹಾಗಿರಲಿಲ್ಲ, ಚೀಲದ ಸಮೇತ ಕುದಿಸಬೇಕಿತ್ತು. ಒಗೆದದ್ದು ಒಣಗುವ ಮೊದಲೇ ಮೇಲಿನಿಂದ ಕರೆ ಬರುತ್ತಿತ್ತು. “ಹಾಸು ಇಲ್ದೆ ಬರೀ ರಬ್ಬರ್ ಶೀಟ್ ಮೇಲೆ ಮಲಗಿಸಿದ್ದೂ ಉಂಟು. ಅದನ್ನ ಕೇಳಿದಾಗ ಮಾತ್ರ ಕಣ್ಣಲ್ಲಿ ನೀರು ಬಂತು. ನನ್ನ ಕೆಲ್ಸ ಅಲ್ವಾ ಅದು” ಎನ್ನುತ್ತಾಳೆ.

ಆಸ್ಪತ್ರೆ ಉಕ್ಕಿ ಹರಿಯದಿರಲಿ ಎಂದು ಊರಿಗೆ ಊರೇ ಬಾಗಿಲು ಹಾಕಿದ ದಿನಗಳವು. ಮುಚ್ಚಿದ ಬಾಗಿಲುಗಳಲ್ಲಿ ಒಂದು ಅವಳ ಗಂಡನದೇ. ಅವನು ಎರಡು ಬೀದಿ ಆಚೆ ಜಿಮ್ ನಡೆಸುತ್ತಾನೆ. ಬೀದಿಯ ಬಾಯಲ್ಲಿ ಪೈಲ್ವಾನ್. ಹೆಂಡತಿಯನ್ನು ಒಂದೇ ಕೈಯಲ್ಲಿ ಎತ್ತಬಲ್ಲ, ಆದರೆ ಅವಳೆದುರು ಸೊಲ್ಲೆತ್ತಲಾರ ಎಂದು ಗೆಳೆಯರು ರೇಗಿಸುತ್ತಾರೆ.

“ಮೊದ್ಲು ಮುಚ್ಸಿದ್ದು ನಂದು, ಕಡೆಗೆ ತೆಗ್ಸಿದ್ದೂ ನಂದೇ” ಎಂದು ಪೈಲ್ವಾನ್ ಇಂದಿಗೂ ಗೊಣಗುತ್ತಾನೆ. “ಭಾಷಣಕ್ಕೆ ಮೈದಾನದ ತುಂಬ ಜನ ಸೇರಿಸ್ಬೋದು, ನನ್ನ ಹತ್ರ ನಾಲ್ಕು ಜನ ತೂಕ ಎತ್ತಿದ್ರೆ ರೋಗ ಹರಡತ್ತೆ. ಇದ್ಯಾವ ಲೆಕ್ಕ?”

ಲೆಕ್ಕ ಒಪ್ಪದ ಪೈಲ್ವಾನ್ ಒಂದು ದಾರಿ ಹುಡುಕಿದ. ಮುಂದಿನ ಷಟರ್ ಕೆಳಗೆ, ಹಿಂದಿನ ಬಾಗಿಲು ಓರೆ. ನಂಬಿಕಸ್ಥರು ಒಬ್ಬೊಬ್ಬರಾಗಿ ಒಳಗೆ. ಉಗಿಯಕ್ಕನಿಗೆ ಯಾರೂ ಚಾಡಿ ಹೇಳಲಿಲ್ಲ. ಒಂದು ಸಂಜೆ ಊಟದ ಡಬ್ಬಿ ಕೊಡಲು ಹೋದವಳು ಹಿತ್ತಲ ತಂತಿಯ ಮೇಲೆ ಒದ್ದೆ ಟವೆಲ್ಲುಗಳ ಸಾಲು ಕಂಡಳು.

“ಯಾರಾದ್ರೂ ಬಂದಿದ್ರಾ?” ಎಂದು ಕೇಳಿದಳು.

“ಇಲ್ಲಪ್ಪ. ನಾನೊಬ್ನೇ ಮೈ ಬಗ್ಗಿಸ್ದೆ.”

“ಒಬ್ಬನ ಬೆವರಿಗೆ ಏಳು ಟವೆಲ್ಲಾ?”

ಪೈಲ್ವಾನ್ ಡಂಬೆಲ್ ಒರೆಸತೊಡಗಿದ. ಅವಳು ಅಂದು ಉಗಿಯಲಿಲ್ಲ. ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹೊರುವವರಲ್ಲಿ ಅರ್ಧಕ್ಕರ್ಧ ಜನ ಜ್ವರ ಬಂದು ಮಲಗಿದ್ದಾರೆ, ಲಿಫ್ಟ್ ಕೆಟ್ಟಿದೆ, ಮೇಲಿನ ಮಹಡಿಗೆ ಹೊರುವವರೇ ಇಲ್ಲ ಎಂದಷ್ಟೇ ಹೇಳಿದಳು. “ಹೊರ್ತೀರಾ ಅಂತ ನಾನು ಕೇಳ್ಲಿಲ್ಲ. ತೂಕ ಎತ್ತೋದು ಬೇಕಾದ್ರೆ ಅಲ್ಲಿ ಬೇಕಾದಷ್ಟಿದೆ ಅಂದೆ. ರಾತ್ರಿ ಎಲ್ಲ ಮುಖ ಊದಿಸ್ಕೊಂಡಿದ್ರು. ಬೆಳಿಗ್ಗೆ ನೋಡಿದ್ರೆ ನನಗಿಂತ ಮುಂಚೆ ಚಪ್ಪಲಿ ಮೆಟ್ಕೊಂಡು ನಿಂತಿದಾರೆ.”

ಹಿಂಬಾಗಿಲಿಗೆ ಬೀಗ ಬಿತ್ತು. ಅಲೆ ಇಳಿಯುವವರೆಗೂ ಪೈಲ್ವಾನ್ ಸಿಲಿಂಡರ್ ಹೆಗಲಿಗೇರಿಸಿ ಮೆಟ್ಟಿಲು ಹತ್ತಿದ. ಜೊತೆಗೆ ಅವನ ಜಿಮ್ಮಿಗೆ ಬರುತ್ತಿದ್ದ ನಾಲ್ವರು ಬಂದರು. ಮೂರನೇ ಮಹಡಿಯ ನರ್ಸಮ್ಮನಿಗೆ ಅವರ ನೆನಪು ಈಗಲೂ ಹಸಿರು. “ದಾರಿ ಬಿಡಿ ದಾರಿ ಬಿಡಿ ಅಂತ ಮೆಟ್ಟಿಲ ಮೇಲೆ ಇವರ ದನಿ ಕೇಳಿದ್ರೆ ನಮಗೆ ಜೀವ ಬಂದ ಹಾಗೆ” ಎನ್ನುತ್ತಾರೆ ಅವರು.

ಹಾಗಾದರೆ ಬಾಗಿಲು ಮುಚ್ಚಿಸಿದ್ದು ಸರಿಯೇ? ಉಗಿಯಕ್ಕನ ತಾಯಿಯ ಒಂದು ಕಣ್ಣಿನ ದೃಷ್ಟಿ ಹೋದದ್ದು ಅದೇ ವರ್ಷ. ಕಣ್ಣಿನೊಳಗಿನ ಒತ್ತಡಕ್ಕೆ ಇದೇ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿತ್ತು. ತುರ್ತಲ್ಲದ್ದೆಲ್ಲ ಮುಂದಕ್ಕೆ ಎಂದು ಆದೇಶ ಬಂತು. ಮುಂದಕ್ಕೆ ಹೋದದ್ದು ತಿರುಗಿ ಬರುವಷ್ಟರಲ್ಲಿ ಎಡಗಣ್ಣು ಕೈಕೊಟ್ಟಿತ್ತು.

“ಮುಚ್ಚದೇ ಇದ್ದಿದ್ರೆ ಪಡಸಾಲೆ ದಾಟಿ ರಸ್ತೇಲಿ ಮಲಗಿಸ್ಬೇಕಾಗ್ತಿತ್ತು. ನಾನು ಕಣ್ಣಾರೆ ನೋಡಿದೀನಿ, ಅದಕ್ಕೆ ಸರಿ ಅಂತೀನಿ” ಎಂದು ನಿಧಾನವಾಗಿ ಹೇಳುತ್ತಾಳೆ. “ಆದ್ರೆ ಅಮ್ಮನ ಎದುರಿಗೆ ಕೂತು ಸರಿ ಅನ್ನೋಕೆ ನಾಲಿಗೆ ಏಳಲ್ಲ. ಇವರ ಜಿಮ್ಮು, ಅಮ್ಮನ ಕಣ್ಣು, ಎಲ್ಲಾ ಕೊಟ್ಟು ಆಸ್ಪತ್ರೆ ಉಳಿಸ್ಕೊಂಡ್ವಿ. ಅದನ್ನ ಮೊದ್ಲೇ ಒಂಚೂರು ದೊಡ್ಡದಾಗಿ ಕಟ್ಟಿದ್ರೆ ಇಷ್ಟು ಕೊಡ್ಬೇಕಾಗ್ತಿತ್ತಾ?”

ತಾಯಿಗೆ ಮಾತ್ರ ಇಂಥ ಪ್ರಶ್ನೆಗಳ ಗೊಡವೆಯಿಲ್ಲ. ಮಗಳ ಮನೆಯ ಕಿಟಕಿ ಪಕ್ಕ ಕುಳಿತು ಬಲಗಣ್ಣಲ್ಲೇ ಬೀದಿ ಕಾಯುತ್ತಾಳೆ. ಅಳಿಯನ ಜಿಮ್ಮಿಗೆ ಯಾರು ಬಂದರು, ಯಾರು ಬರಲಿಲ್ಲ, ಎಲ್ಲ ಅವಳಿಗೆ ಗೊತ್ತು. ಅಂಗಳದಲ್ಲಿ ಅಳಿಯ ಅವಳಿಗೂ ಕೈ ಎತ್ತಿಸಿ ಇಳಿಸಿ ವ್ಯಾಯಾಮ ಮಾಡಿಸುತ್ತಾನೆ. “ಈ ವಯಸ್ಸಲ್ಲಿ ನನ್ನ ಪೈಲ್ವಾನ್ ಮಾಡಿ ಯಾರ ಮೇಲೆ ಕುಸ್ತಿಗೆ ಬಿಡ್ತಾನೋ” ಎನ್ನುತ್ತಾಳೆ, ಕೈ ಎತ್ತುತ್ತಲೇ. ಜಿಮ್ಮು ಮತ್ತೆ ತುಂಬಿದೆ. ಗಂಡ ಹೆಂಡತಿಯ ವಾದವಂತೂ ಮುಗಿದಿಲ್ಲ. ಊಟಕ್ಕೆ ಕುಳಿತಾಗ ಅವನು ಭಾಷಣದ ಮೈದಾನ ತೆಗೆಯುತ್ತಾನೆ, ಅವಳು ಪಡಸಾಲೆಯ ಮಂಚ ತೆಗೆಯುತ್ತಾಳೆ, ಅಮ್ಮ ಇಬ್ಬರ ತಟ್ಟೆಗೂ ಇನ್ನೊಂದು ಸೌಟು ಬಡಿಸುತ್ತಾಳೆ.

ಮಧ್ಯಾಹ್ನ ಕೆಲಸ ಮುಗಿಸಿದ ಉಗಿಯಕ್ಕ ಮಡಿಚಿದ ಹಾಸುಗಳ ಗಾಡಿಯನ್ನು ತಾನೇ ತಳ್ಳಿಕೊಂಡು ವಾರ್ಡಿಗೆ ಬರುತ್ತಾಳೆ. ಅದು ಅವಳ ಕೆಲಸವಲ್ಲ, ಆದರೂ ಬರುತ್ತಾಳೆ. ಕಿಟಕಿಯ ಬಳಿ ಐದಾರು ಮಂಚ ಖಾಲಿ. ಖಾಲಿ ಮಂಚ ದಂಡ, ಕಡಿಮೆ ಮಾಡೋಣ ಎಂಬ ಮಾತು ಮೇಲಿನವರಲ್ಲಿ ನಡೆದಿದೆಯಂತೆ. ಅವಳು ಒಂದೊಂದಕ್ಕೂ ಹಾಸು ಹೊದಿಸಿ, ಮೂಲೆಗಳನ್ನು ಒಳಗೆ ಸಿಕ್ಕಿಸಿ, ಅಂಗೈಯಲ್ಲಿ ಸುಕ್ಕು ಒತ್ತುತ್ತಾಳೆ.

“ಇವನ್ನ ಹೀಗೇ ಬಿಟ್ರೆ ಸಾಕು, ಬೇರೇನೂ ಬೇಡ” ಎನ್ನುತ್ತಾಳೆ. “ಯಾರೂ ಮಲಗ್ದೇ ಇದ್ರೂ ನಾನು ವಾರಕ್ಕೊಂದ್ಸಲ ಒಗೆದು ಹಾಸ್ತೀನಿ. ನನಗೇನೂ ಬೇಜಾರಿಲ್ಲ.”