ಹಲ್ಲುಪುಡಿಯ ಡಬ್ಬಿಯಲ್ಲಿ ಕೋವಿಮದ್ದು

ಮಿತ್ರರೇ, ಇಂದು ಬೆಳಗ್ಗೆ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಹೆಂಡತಿಯ ತಮ್ಮ ರಾಜಣ್ಣನು ಕರಿಯ ಹಲ್ಲುಪುಡಿಯಿಂದ ಹಲ್ಲುಜ್ಜಿ, ಬೀಡಿ ಹಚ್ಚಲು ಕಡ್ಡಿ ತೆಗೆದನು. ಪುಡಿಯ ಡಬ್ಬಿಯನ್ನು ಗುಬ್ಬಿ ಊರಿನಲ್ಲಿರುವ ತನ್ನ ತಂದೆಯ ಹಳೆಯ ಮನೆಯಿಂದ ಅವನೇ ತಂದಿದ್ದನು. ಎಪ್ಪತ್ತರ ದಶಕದಲ್ಲಿ ತೋಟಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಮಾವನವರು ಕೋವಿಮದ್ದನ್ನು ಅದರಲ್ಲೇ ಇಡುತ್ತಿದ್ದುದು ನನಗೆ ಥಟ್ಟನೆ ನೆನಪಾಯಿತು.

“ಗೀರಬೇಡ, ಅದು ಕೋವಿಮದ್ದು!”

“ಸುಮ್ನಿರಿ ಭಾವ, ಇದ್ದಿಲು ಪುಡಿ. ಮೂರು ದಿನದಿಂದ ಉಜ್ತಿದೀನಿ.”

ಅವನ ಅಕ್ಕ ಬೆಂಕಿಪೊಟ್ಟಣವನ್ನು ಕಸಿದುಕೊಂಡಳು. “ಡಬ್ಬಿ ಮುಟ್ಟಬೇಡ, ಆಚೆ ನಡಿಯೋ!”

ನಾವು ಕರೆದ ಪೊಲೀಸರು ಪರಿಣತರೊಡನೆ ಬಂದರು. ಮದ್ದೇ ಎಂದು ಖಚಿತಪಡಿಸಿ, ಡಬ್ಬಿಯನ್ನು ಜೋಪಾನವಾಗಿ ಒಯ್ಯಲು ಸಿದ್ಧರಾದರು. ರಾಜಣ್ಣನು ಪೊಲೀಸರೊಬ್ಬರ ಬಳಿ ಪಿಸುಗುಟ್ಟಿದನು: “ಸಾರ್, ಬಾಯಲ್ಲಿ ಉಳ್ದಿರೋದು?”

“ಚೆನ್ನಾಗ್ ಮುಕ್ಕಳಿಸಪ್ಪ. ಬೀಡಿ ಮಾತ್ರ ಸೇದ್ಬೇಡ.”

ಮಧ್ಯಾಹ್ನ ಅವನು ಸಾರನ್ನೂ ತಣ್ಣಗೆ ಆರಿಸಿಕೊಂಡೇ ಉಂಡನು.