ಮಾವಿನಕಾಯಿ ಚಿತ್ರಾನ್ನದ ಸುಳ್ಳು

ನಲ್ಲಿ ತಿರುಗಿಸಿದರೆ ನೀರು ಬರುತ್ತದೆ ಎಂಬುದನ್ನು ನಮ್ಮೂರು ಇನ್ನೂ ಪೂರ್ತಿ ನಂಬದಿದ್ದ ದಿನಗಳವು. ನಾನು ಐದನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ತುರುವನೂರಿನ ಆಚೆಗಿರುವ ನಮ್ಮೂರ ಬೀದಿಯಲ್ಲಿ ನೀರಿನ ಪೈಪು ಹೂಳಲು ಎಂಟು ಜನ ಬಂದರು. ಜೆಸಿಬಿ ಆಗ ನಮ್ಮ ಕಡೆ ಅಪರೂಪ. ಪಿಕಾಸಿ, ಹಾರೆ, ಸಲಿಕೆಗಳಲ್ಲೇ ಆಳೆತ್ತರಕ್ಕೂ ಮೀರಿದ ಗುಂಡಿಯನ್ನು ಬೀದಿಯುದ್ದಕ್ಕೂ ತೋಡಿದರು. ಅಗೆದ ಎರೆಮಣ್ಣಿನ ವಾಸನೆ ಅಡುಗೆಮನೆಯವರೆಗೂ ಬರುತ್ತಿತ್ತು. ಮಕ್ಕಳಾದ ನಮಗೆ ಜಾರಾಡಲು ಮಣ್ಣಿನ ಗುಡ್ಡೆ ಸಿಕ್ಕಿತ್ತು, ಅಜ್ಜನ ಕೋಲು ಬೆನ್ನಿಗೆ ಬೀಳುವವರೆಗೆ.

ಜಗಳ ಶುರುವಾಗಿದ್ದು ಆ ಮಣ್ಣಿನಿಂದಲೇ. ಬೆಳಗಾದರೆ ಸಗಣಿ ಸಾರಿಸಿ ರಂಗೋಲಿ ಇಡುವ ಹೆಂಗಸರು ಯಾರೂ ಅಂಗಳಕ್ಕೆ ಮಣ್ಣು ಹಾಕಗೊಡಲಿಲ್ಲ. ಅವರ ಮುಂದಾಳು ನಮ್ಮಮ್ಮ.

"ನಮ್ಮಂಗಳಕ್ಕೆ ಒಂದು ಹೆಂಟೆ ಬಿದ್ರೂ ಸುಮ್ನಿರಲ್ಲ ನೋಡ್ರಿ" ಎಂದಳು. ಎಂಜಿನಿಯರಿಗಿಂತ ಹೆಂಗಸರಿಗೇ ಹೆಚ್ಚು ಹೆದರುತ್ತಿದ್ದ ಮೇಸ್ತ್ರಿ, ಮಣ್ಣನ್ನೆಲ್ಲ ಗುಂಡಿಯ ಅಂಚಿನಲ್ಲೇ ಗುಡ್ಡೆ ಹಾಕಿಸಿದ.

ಅಜ್ಜ ಬಾವಿ ತೋಡಿ ಬದುಕಿದವನು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮಜ್ಜನಿಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು.

"ಏನಪ್ಪ ಮೇಸ್ತ್ರಿ, ಅಂಚಿನ ಮ್ಯಾಲೆ ಭಾರ ಹೇರಿದ್ರೆ ಎರೆನೆಲ ತಡಿಯಲ್ಲ. ಮೂರು ಹೆಜ್ಜೆ ದೂರ ಹಾಕ್ಸು. ಗುಂಡಿ ಗ್ವಾಡೆಗೆ ಹಲಗೆ ಕೊಡು."

"ಹಲಗೆ ನಾಳೆ ತರ್ತೀನಜ್ಜ. ಮಣ್ಣಿನ ವಿಷ್ಯಕ್ಕೆ ಮೊದ್ಲು ನಿಮ್ ಸೊಸೇನ ಒಪ್ಸ್ರಿ."

ಅಮ್ಮ ಒಪ್ಪಲಿಲ್ಲ. "ನಾಕು ದಿನದ ಕೆಲ್ಸ ಮಾವ, ಏನಾಗಲ್ಲ ಬಿಡ್ರಿ" ಎಂದು ಒಳಗೆ ಹೋದಳು. ಮೇಸ್ತ್ರಿಯ ನಾಳೆಯೂ ಬರಲಿಲ್ಲ.

ಅಜ್ಜನ ನಿಜವಾದ ಹೆದರಿಕೆ ಮಧ್ಯಾಹ್ನದ್ದು. ಮೇಲೆ ಕೆಂಡದಂಥ ಬಿಸಿಲು, ಗುಂಡಿಯ ತಳದಲ್ಲಿ ತಣ್ಣನೆಯ ನೆರಳು. ಎಂಟು ಜನವೂ ಅಲ್ಲೇ ಬುತ್ತಿ ಬಿಚ್ಚಿ, ಉಂಡು, ಒಂದು ನಿದ್ದೆ ತೆಗೆಯುತ್ತಿದ್ದರು. ಅಜ್ಜನ ತಮ್ಮ ಹೀಗೆಯೇ ಬಾವಿಯೊಳಗೆ ಉಣ್ಣಲು ಕುಳಿತವನು ಮಣ್ಣು ಕುಸಿದು ಸತ್ತಿದ್ದನಂತೆ. ನನಗೆ ಹೇಳಿದ್ದು ಅಜ್ಜಿ. ಅಜ್ಜ ಅದರ ಬಗ್ಗೆ ಬಾಯಿಬಿಟ್ಟವನೇ ಅಲ್ಲ.

"ಮ್ಯಾಲೆ ಬಂದು ಉಣ್ರಪ್ಪ" ಎಂದರೆ, ಅವರಲ್ಲಿ ಹಿರಿಯನಾದ ತಿಪ್ಪಣ್ಣ "ಇಲ್ಲೇ ತಂಪೈತಜ್ಜ" ಎಂದು ನಗುತ್ತಿದ್ದ. ಅದಕ್ಕೆ ಅಜ್ಜ ಆಸೆ ಹಚ್ಚಿದ. ನಮ್ಮ ಜಗಲಿಯ ಮೇಲೆ ಬೇವಿನ ಮರದ ನೆರಳಿದೆ, ಬಂದವರಿಗೆ ಮಜ್ಜಿಗೆ, ಉಪ್ಪಿನಕಾಯಿ ಎಂದ. ಕರೆಯುವ ಕೆಲಸ ನನ್ನದು. ಮೂರು ದಿನ ಬಂದರು. ಮೂರು ಸಂಜೆಯೂ ಅಮ್ಮ ಜಗಲಿ ತೊಳೆಯುತ್ತ ಗೊಣಗಿದಳು: "ಉಪ್ಪಿನಕಾಯಿ ಜಾಡಿ ತಳ ಕಾಣ್ತಾ ಐತೆ."

ನಾಲ್ಕನೇ ದಿನ ಅಮ್ಮ ಮುಷ್ಕರ ಹೂಡಿದಳು. ಮಜ್ಜಿಗೆಯಿಲ್ಲ, ಉಪ್ಪಿನಕಾಯಿಯಿಲ್ಲ. ಅವತ್ತೇ ಬೆಳಿಗ್ಗೆ ಅಜ್ಜ ಗುಂಡಿಯ ಅಂಚಿಗುಂಟ ಬೆರಳು ತೂರುವಷ್ಟು ಬಿರುಕು ಕಂಡಿದ್ದ. ಗದರಿಸಿ ಮೇಸ್ತ್ರಿಯನ್ನು ಹಲಗೆ ತರಲು ದುರ್ಗಕ್ಕೆ ಓಡಿಸಿದ್ದ. ಕೆಲಸ ಮಾತ್ರ ನಿಂತಿರಲಿಲ್ಲ.

ಮಧ್ಯಾಹ್ನ ನಾನು ದೂರ ನಿಂತು ಕರೆದೆ. ತಿಪ್ಪಣ್ಣ ಒಳಗಿಂದಲೇ ಕೇಳಿದ: "ಮಜ್ಜಿಗೆ ಐತೇನವ್ವ?"

"ಇಲ್ಲ."

"ಹಂಗಾರೆ ಇಲ್ಲೇ ಉಣ್ತೀವಿ ಬಿಡು. ನಿಮ್ಮಮ್ಮಂಗೆ ಯಾಕೆ ತೊಂದ್ರೆ."

ಅಜ್ಜ ಕೂಗಿದ, ಬೈದ, ಕೊನೆಗೆ ಕೈಮುಗಿದ. ಒಳಗೆ ಬುತ್ತಿ ಬಿಚ್ಚುವ ಸದ್ದು ಕೇಳುತ್ತಿತ್ತು. ಅಜ್ಜನ ಮುಗಿದ ಕೈ ಕಂಡು ನನಗೆ ಅಳು ಬಂತು. ಅಳುವಿನ ಬದಲು ಬಾಯಿಂದ ಸುಳ್ಳು ಹೊರಟಿತು.

"ಅಮ್ಮ ಮಾವಿನಕಾಯಿ ಚಿತ್ರಾನ್ನ ಮಾಡೈತೆ! ಜಲ್ದಿ ಬರ್ರಿ, ಆರೋಗ್ತೈತೆ!"

ಎಂಟು ಜನವೂ ಏಣಿ ಹತ್ತಿ ಬಂದರು. ಕೈತೊಳೆದು ಸಾಲಾಗಿ ಕುಳಿತರು. ಅಮ್ಮ ಹೊರಗೆ ಬಂದಳು.

"ಯಾವ ಚಿತ್ರಾನ್ನ?"

ಮರುಗಳಿಗೆಯಲ್ಲಿ ನನ್ನ ಕಿವಿ ಅವಳ ಕೈಯಲ್ಲಿತ್ತು. "ಬಿಡ್ರಿ ಅಕ್ಕ, ಮಗಾ..." ಎಂದು ತಿಪ್ಪಣ್ಣ ನಗುತ್ತಿದ್ದಂತೆ ಬೀದಿಯಲ್ಲಿ ದಬ್ ಎಂಬ ಸದ್ದಾಯಿತು. ಅವರು ಬುತ್ತಿ ಬಿಚ್ಚಿದ್ದ ಜಾಗ ಮುಚ್ಚಿಹೋಗಿತ್ತು. ಅಕ್ಕಪಕ್ಕದವರು ಧೂಳಿನೊಳಗೆ ಓಡಿ ಕೂಗಿಕೊಂಡರು: "ತಿಪ್ಪಣ್ಣಾ! ಲೇ ರಂಗಾ! ಮಂಜಾ!" ನಮ್ಮ ಜಗಲಿಯಿಂದ ಒಬ್ಬೊಬ್ಬರೇ ಶಾಲೆಯ ಹಾಜರಿಯಂತೆ "ಇಲ್ಲಿದೀನಿ" ಎಂದರು. ಅಜ್ಜ ಎಂಟರವರೆಗೆ ಎಣಿಸಿದ, ಮತ್ತೊಮ್ಮೆ ಎಣಿಸಿದ, ಆಮೇಲೆ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟ. ಅಜ್ಜ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಮ್ಮ ನನ್ನ ಕಿವಿ ಬಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಸಾಸಿವೆ ಸಿಡಿಯಿತು. ಹೆಚ್ಚಿದ ಮಾವಿನಕಾಯಿಯ ಹುಳಿವಾಸನೆ ಹೊರಗೆ ಬಂತು. ಆ ಚಿತ್ರಾನ್ನಕ್ಕೆ ಅವಳು ಉಪ್ಪು ಹಾಕುವುದನ್ನೇ ಮರೆತಿದ್ದಳು. ಎಂಟು ಜನವೂ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಮರುದಿನ ಹಲಗೆ ಬಂತು. ಮೊದಲ ಬಾಂಡ್ಲಿ ಮಣ್ಣನ್ನು ಅಮ್ಮನೇ ಹೊತ್ತು ತಂದು ರಂಗೋಲಿಯ ಮೇಲೆ ಸುರಿದಳು. ರಾತ್ರಿ ನನ್ನ ಕಿವಿಗೆ ಎಣ್ಣೆ ಹಚ್ಚುತ್ತ ಅಂದಳು: "ಸುಳ್ಳು ಹೇಳಬ್ಯಾಡ. ಹೇಳೋದೇ ಆದ್ರೆ ನಂಗೆ ಮೊದ್ಲೇ ಹೇಳು, ಅನ್ನ ಮಾಡಿಟ್ಟಿರ್ತೀನಿ."

ಈಗ ನಾನು ದುರ್ಗದಲ್ಲೇ ಮನೆ ಮಾಡಿಕೊಂಡಿದ್ದೇನೆ. ಮೊನ್ನೆ ನಮ್ಮ ಗೇಟಿನ ಮುಂದೆ ಒಳಚರಂಡಿಗೆ ಅಗೆದರು. ಸುತ್ತ ಬಣ್ಣದ ಪಟ್ಟಿ, ತಲೆಗೆ ಹೆಲ್ಮೆಟ್ಟು, ಗುಂಡಿಯ ಗೋಡೆಗೆ ಕಬ್ಬಿಣದ ಹಲಗೆ, ಮಣ್ಣು ದೂರದಲ್ಲಿ. ಅಜ್ಜ ಇದ್ದಿದ್ದರೆ ಜಗಳಕ್ಕೆ ಕಾರಣ ಸಿಗದೆ ಒದ್ದಾಡುತ್ತಿದ್ದ, ಖುಷಿಯೂ ಪಡುತ್ತಿದ್ದ. ನಾನು ಧೂಳಿಗೆಂದು ಐದು ದಿನ ಗೇಟು ಹಾಕಿಕೊಂಡೇ ಇದ್ದೆ. ಅವರು ಗುಂಡಿ ಮುಚ್ಚಿ ಲಾರಿ ಹತ್ತಿ ಹೋದ ಮೇಲೆ ಗೇಟು ತೆಗೆದು ಹೊರಗೆ ಬಂದೆ. ಆ ಮಣ್ಣು ಕುಸಿದಿದ್ದರೆ ಅಂಚಿಗೆ ಓಡಿ ನಾನು ಏನೆಂದು ಕೂಗುತ್ತಿದ್ದೆ? ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ.