ಮಾಸದ ಜೆರ್ಸಿ

ಸೋಮವಾರ ಬಂತೆಂದರೆ ಗೆರ್ಲಿಂಡೆ ಮೋಂಕೆಗೆ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಪಾಳಿ. ಭಾನುವಾರದ ಆಟ ಮುಗಿಸಿದ ಗಂಡಸರು ಒದ್ದೆ ಬಟ್ಟೆಗಳನ್ನೆಲ್ಲ ದೊಡ್ಡ ಚೀಲಕ್ಕೆ ತುರುಕಿ, ಅದರ ಬಾಯಿ ಕಟ್ಟಿ, ಕ್ಲಬ್ಬಿನ ನೆಲಮಾಳಿಗೆಯಲ್ಲಿ ಬಿಸಾಕಿ ಹೋಗಿರುತ್ತಾರೆ. ಅದು ಅಲ್ಲೇ ಬೆವೆತು, ಹುಳಿತು, ಅವಳ ದಾರಿ ಕಾಯುತ್ತಿರುತ್ತದೆ. ಅವಳು ಉಸಿರು ಬಿಗಿಹಿಡಿದು ಚೀಲ ಬಿಚ್ಚಿ, "ಥೂ, ನಿಮ್ಮ ಮುಖಕ್ಕಿಷ್ಟು!" ಎಂದು ಇಡೀ ತಂಡಕ್ಕೆ ಮಂಗಳಾರತಿ ಮಾಡಿಯೇ ಕೈ ಹಾಕುವುದು.

ಅವಳ ಗಂಡ ಒಂದು ಕಾಲದಲ್ಲಿ ಈ ಕ್ಲಬ್ಬಿನ ಗೋಲ್‌ಕೀಪರ್. "ಗಂಡನ ಬಟ್ಟೆ ಹೇಗೂ ಒಗೀತೀಯ, ಉಳಿದವರದ್ದೂ ಹಾಕ್ಕೋ" ಎಂದು ಯಾರೋ ಅಂದಿದ್ದರು. ಮುಂದೆ ಆ ಪುಣ್ಯಾತ್ಮ ಪಕ್ಕದೂರಿನ ಮೈದಾನದಲ್ಲಿ ಟಿಕೆಟ್ ಹರಿಯುವವಳ ಜೊತೆ ಓಡಿಹೋದ. ಗಂಡ ಹೋದ, ಬಟ್ಟೆ ಉಳಿಯಿತು. ಕ್ಲಬ್ಬಿನ ಅಡುಗೆಮನೆಯೂ ಅವಳ ಕೊರಳಿಗೇ ಬಿತ್ತು. ಫುಟ್‌ಬಾಲ್ ಎಂದರೆ ಅವಳಿಗೆ ಮೈ ಉರಿಯುತ್ತದೆ. ಆದರೂ ಯಾರು ಓಡಿದರು, ಯಾರು ನಿಂತೇ ಕಾಲ ಕಳೆದರು ಎಂಬುದು ಮೈದಾನಕ್ಕೆ ಹೋಗದೆಯೂ ಅವಳಿಗೆ ಗೊತ್ತಾಗುತ್ತದೆ. ಎಡಬದಿಯಲ್ಲಿ ಆಡುವ ರಿಕೋನ ಜೆರ್ಸಿಯಲ್ಲಿ ಕೆಸರಿಗಿಂತ ಸಾಸಿವೆ ಗೊಜ್ಜಿನ ಕಲೆಯೇ ಹೆಚ್ಚು.

ಹದಿನಾರನೇ ನಂಬರಿನ ಜೆರ್ಸಿ ಮಾತ್ರ ಬೇಸಿಗೆಯಿಂದ ಒಮ್ಮೆಯೂ ಮಾಸಿರಲಿಲ್ಲ. ಅದು ಟಕರನದು.

ಟಕರ್ ಅಮೆರಿಕದ ನೆಬ್ರಾಸ್ಕಾದಿಂದ ಬಂದ ಹುಡುಗ. ಕಾಲೇಜಿನಲ್ಲಿ ಆಡಿದವನು, ಅವನದೂ ಎಡಬದಿಯೇ. ಜರ್ಮನಿಯ ಕೆಳದರ್ಜೆಯ ಫುಟ್‌ಬಾಲ್ ಎಂದರೆ ಏಣಿ ಎಂದು ಅಲ್ಲಿ ಯಾರೋ ಈ ಹುಡುಗರ ತಲೆಗೆ ತುಂಬುತ್ತಾರೆ. ಈ ಕ್ಲಬ್ಬು ಆಡುವ ಐದನೇ ಲೀಗಿನಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ, ಅಲ್ಲಿಂದ ಮೇಲಕ್ಕೆ. ಏಣಿಯೇನೋ ಇದೆ. ಅದರ ಬುಡದಲ್ಲಿ ಯಾರ ಅಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೋಚ್ ಫೋಲ್ಕರ್, "ನೋಡೋಣ, ಚಳಿಗಾಲದ ರಜೆಗೆ ಮುಂಚೆ ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ರಜೆಯೊಳಗೆ ಒಪ್ಪಂದ ಸಿಗದಿದ್ದರೆ ಜರ್ಮನಿಯಲ್ಲಿ ಉಳಿಯುವ ಪರವಾನಗಿ ಮುಗಿದು ಟಕರ್ ಊರಿಗೆ ಮರಳಬೇಕಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ನಂಬಿದ ಹುಡುಗ ದಿನಾ ಸಂಜೆ ಒಬ್ಬನೇ ಮೈದಾನ ಸುತ್ತುತ್ತಿದ್ದ. ಭಾನುವಾರ ಬಂದರೆ ಬದಲಿ ಆಟಗಾರರ ಬೆಂಚು.

ಕ್ಲಬ್ಬಿನಲ್ಲಿ ಎಲ್ಲರೂ ಅವಳನ್ನು "ಏ ಗೆರ್ಲಿಂಡೆ" ಎಂದು ಕೂಗಿದರೆ, ಗೌರವದಿಂದ "ಫ್ರಾವ್ ಮೋಂಕೆ" ಎನ್ನುತ್ತಿದ್ದವನು ಅವನೊಬ್ಬನೇ. ನವೆಂಬರಿನಲ್ಲಿ ಒಂದು ದಿನ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

"ಫ್ರಾವ್ ಮೋಂಕೆ, ನನ್ನಲ್ಲಿ ಏನು ಕಮ್ಮಿ? ಓಟ ಸಾಲ್ದಾ? ಎಡಗಾಲು ಸರಿಯಿಲ್ವಾ?"

"ನಿನ್ ಕಾಲಿಗೆ ಏನೂ ಆಗಿಲ್ಲ ಕಣೋ. ನಿನ್ನೆದೆ ಮೇಲೆ ಏನಿದೆ ನೋಡ್ಕೋ."

ಟಕರ್ ತಲೆ ಬಗ್ಗಿಸಿ ನೋಡಿದ. ಎಲ್ಲ ಜೆರ್ಸಿಗಳ ಮೇಲಿರುವಂತೆ ಅಲ್ಲೂ ಹಲ್ಲು ಕಿರಿಯುವ ಹಂದಿಯೊಂದಿತ್ತು. ಕಟುಕ ಬೊಡೋನ ಅಂಗಡಿಯ ಗುರುತು.

"ಬಸ್ಸು ಬೊಡೋದು. ಮೈದಾನದ ದೀಪ ಬೊಡೋದು. ರಿಕೋ ಯಾರ ಮಗ?"

"ಬೊಡೋ ಮಗ. ಆದ್ರೆ ನಾನು ರಿಕೋಗಿಂತ ಚೆನ್ನಾಗಿ ಆಡ್ತೀನಿ."

"ನಮ್ಮನೆ ಬೆಕ್ಕೂ ರಿಕೋಗಿಂತ ಚೆನ್ನಾಗಿ ಆಡುತ್ತೆ! ಹೆತ್ತವರಿಗೆ ಹೆಗ್ಗಣ ಮುದ್ದು. ಫೋಲ್ಕರ್‌ಗೆ ಬೊಡೋ ಮುಖ ನೋಡದೆ ಶೂ ಲೇಸ್ ಕಟ್ಟೋಕೂ ಬರಲ್ಲ. ಕೇಳಿಲ್ಲಿ, ಶನಿವಾರ ಬೊಡೋ ಅಂಗಳದಲ್ಲಿ ಹಂದಿ ಕಡಿಯೋ ಹಬ್ಬ. ತಂಡ ಪೂರ್ತಿ ಹೋಗುತ್ತೆ. ಹಸಿ ಕೈಮಾನ ಬನ್ನಿನ ಮೇಲೆ ಮೆತ್ತಿ, ಈರುಳ್ಳಿ ಉದುರಿಸಿ ತಾನೇ ಕೈಯಾರೆ ಕೊಡ್ತಾನೆ. ತಿನ್ನು."

"ಬೇಯಿಸ್ದೇನೇ? ಹಂದೀನಾ?"

"ಬೇಯಿಸ್ದೇನೇ. ದನದ ಡಾಕ್ಟ್ರು ಮಾಂಸ ನೋಡಿ ಮುದ್ರೆ ಒತ್ತಿರ್ತಾರೆ, ಸಾಯಲ್ಲ. ಹೋದ ವರ್ಷ ನಿಮ್ ಕಡೆಯೋನೇ ಒಬ್ಬ 'ಬೇಡ, ಥ್ಯಾಂಕ್ಸ್' ಅಂದ. ಕ್ರಿಸ್‌ಮಸ್ ಅಷ್ಟೊತ್ತಿಗೆ ಅಮ್ಮನ ಮಡಿಲಲ್ಲಿದ್ದ."

ಹೇಳಿದವಳು ಹುಟ್ಟಿದಾರಭ್ಯ ಅದನ್ನು ಬಾಯಿಗಿಟ್ಟವಳಲ್ಲ. ಆ ಗುಲಾಬಿ ಬಣ್ಣದ ಮುದ್ದೆ ಕಂಡರೇ ಅವಳಿಗೆ ವಾಕರಿಕೆ. ಹೆಂಗಸರು ತಿಂದರೆಷ್ಟು ಬಿಟ್ಟರೆಷ್ಟು ಎಂದು ಬೊಡೋ ಅವಳ ಕಡೆ ನೋಡುತ್ತಲೂ ಇರಲಿಲ್ಲ.

ಶನಿವಾರ ಬೊಡೋನ ಅಂಗಳದಲ್ಲಿ ಏಣಿಗೆ ಕಟ್ಟಿದ ಹಂದಿ ತಲೆಕೆಳಗಾಗಿ ನೇತಾಡುತ್ತಿತ್ತು. ಹಂಡೆಯಲ್ಲಿ ಕರುಳು, ನಾಲಿಗೆ, ಕೆನ್ನೆ ಕುದಿಯುತ್ತಿದ್ದವು. ಬೆಳಗಿನಿಂದಲೇ ಸಾರಾಯಿ ಕುಡಿದ ರಿಕೋ ಬೆಂಚಿನಡಿ ಬಿದ್ದು ಗೊರಕೆ ಹೊಡೆಯುತ್ತಿದ್ದ. ಗೆರ್ಲಿಂಡೆ ಹಂಡೆಯ ನೊರೆ ತೆಗೆಯುತ್ತಾ ಮೂಗು ಮುಚ್ಚಿಕೊಂಡಿದ್ದಳು.

ಮೊಣಕೈವರೆಗೂ ಜಿಡ್ಡು ಮಾಡಿಕೊಂಡ ಬೊಡೋ ಬನ್ನೊಂದನ್ನು ಟಕರನ ಮೂಗಿನ ಕೆಳಗೆ ಹಿಡಿದ. ಗದ್ದಲ ನಿಂತಿತು. ಫೋಲ್ಕರ್ ಬೊಡೋನ ಮುಖ ನೋಡಿದ.

"ಏನೋ ಅಮೆರಿಕಾ, ಧೈರ್ಯ ಇದೆಯೇನೋ? ಇಲ್ಲಾ ಅಮ್ಮನ್ನ ಕರೀಬೇಕಾ?"

ಟಕರ್ ತಿಂದ. ಕಣ್ಣಲ್ಲಿ ನೀರು ಬಂತು, ಕುತ್ತಿಗೆಯ ನರ ಉಬ್ಬಿತು. ನುಂಗಿದ. ಆಮೇಲೆ ಕೈ ಚಾಚಿ, "ಇನ್ನೊಂದು ಕೊಡಿ" ಎಂದ.

"ಇವ್ನು ನಮ್ಮೋನು ಕಣ್ರೋ!" ಎಂದು ಬೊಡೋ ಅವನ ಬೆನ್ನಿಗೆ ಗುದ್ದಿದ ಏಟಿಗೆ ತಿಂದದ್ದು ಹೊರಗೆ ಬರಬೇಕಿತ್ತು, ಬರಲಿಲ್ಲ. ಬೆಂಚಿನಡಿ ಬಿದ್ದಿದ್ದ ಮಗನನ್ನು ಕಾಲಲ್ಲಿ ತಳ್ಳಿ, "ನಾಳೆ ಈ ಹುಡುಗ ಆಡ್ಲಿ" ಎಂದ. ಆಗ ಫೋಲ್ಕರನಿಗೂ ತಟ್ಟನೆ ಟಕರನ ಎಡಗಾಲು ತುಂಬಾ ಚೆನ್ನಾಗಿದೆ ಎಂದು ಅನಿಸಿತು. ಗೆರ್ಲಿಂಡೆಗೆ ಹಂಡೆಗಿಂತ ಫೋಲ್ಕರನ ಮುಖ ನೋಡಿಯೇ ಹೆಚ್ಚು ಹೇಸಿಗೆಯಾಯಿತು.

ಭಾನುವಾರ ಅವಳು ಮೈದಾನದ ಅಂಚಿನಲ್ಲಿ ಸಾಸೇಜು ಸುಡುತ್ತಿದ್ದಳು. ಟಕರ್ ಎಡಬದಿಯಲ್ಲಿ ಹಗ್ಗ ಕಿತ್ತ ಕರುವಿನಂತೆ ಓಡಿದ. ಬಿದ್ದ, ಎದ್ದ, ಜಾರಿ ಚೆಂಡು ಕಸಿದ. ಅವನು ಕೊಟ್ಟ ಚೆಂಡಿನಿಂದಲೇ ಗೋಲು ಬಂತು, ಪಂದ್ಯವೂ ದಕ್ಕಿತು. ಫುಟ್‌ಬಾಲ್ ದ್ವೇಷಿಸುವ ಗೆರ್ಲಿಂಡೆ ಸಾಸೇಜು ಕರಕಲು ಮಾಡಿದಳು. ಹುಡುಗ ಮೆಟ್ಟಿಲು ಹತ್ತಿದ ಎಂದು ಅವಳಿಗೆ ಖುಷಿಯಾಗಿತ್ತು, ಆ ಖುಷಿಗೆ ನಾಚಿಕೆಯೂ ಆಗಿತ್ತು.

ಆಟ ಮುಗಿದಾಗ ಉಣ್ಣೆ ಟೋಪಿಯ ಗಂಡಸೊಬ್ಬ ಅವಳ ಒಲೆಯ ಪಕ್ಕದಲ್ಲೇ ನಿಂತು ಬೊಡೋನನ್ನು ಮಾತಾಡಿಸಿದ. ನಾಲ್ಕನೇ ಲೀಗಿನ ಕ್ಲಬ್ಬೊಂದರವನು.

"ಆ ಹದಿನಾರನೇ ನಂಬರು ಯಾರು? ಜನವರೀಲಿ ನಮ್ ಕಡೆ ಒಂದ್ಸಲ ಬಂದು ಆಡ್ಲಿ."

"ಅವ್ನು ನಮ್ಮೋನು. ಮಾರಾಟಕ್ಕಿಲ್ಲ" ಎಂದ ಬೊಡೋ, ನೇರವಾಗಿ ಬಟ್ಟೆ ಬದಲಿಸುವ ಕೋಣೆಗೆ ನಡೆದ.

ಗೆರ್ಲಿಂಡೆ ಇಕ್ಕಳ ಬಿಸಾಕಿ ಹಿಂದೆಯೇ ಓಡಿದಳು. ವಯಸ್ಸಾದ ಮಂಡಿಗಳು ಎಷ್ಟು ಓಡಿಯಾವು? ಅಷ್ಟರಲ್ಲಿ ಟಕರ್ ಮೈಯೆಲ್ಲ ಕೆಸರಾಗಿ, ಮುಖವೆಲ್ಲ ನಗುವಾಗಿ ಎದುರು ಬಂದ.

"ಫ್ರಾವ್ ಮೋಂಕೆ, ಒಪ್ಪಂದ ಆಯ್ತು! ಬೊಡೋ ಕೆಲಸ ಕೊಡ್ತಾರಂತೆ, ಅವರ ಮಾಂಸ ಕತ್ತರಿಸೋ ಕೋಣೇಲಿ. ಪರವಾನಗಿಗೂ ಅವರೇ ಬರೀತಾರೆ. ಇಲ್ಲೇ ಇರಬಹುದು!"

"ಕೈ ಕುಲುಕಿ ಮಾತು ಕೊಟ್ಟೆಯೇನೋ?"

"ಕೊಟ್ಟೆ."

ಈ ಊರಿನಲ್ಲಿ ಕೈ ಕುಲುಕಿದರೆ ಮುಗಿಯಿತು, ಕಾಗದ ಆಮೇಲೆ. "ಅಯ್ಯೋ ಪೆದ್ದೇ! ಹೊರಗೆ ನಾಲ್ಕನೇ ಲೀಗಿನವನು ನಿಂತಿದ್ದ, ನಿನ್ನೇ ಕೇಳ್ತಿದ್ದ, ಜನವರೀಲಿ ಒಂದ್ಸಲ ಬಂದು ಆಡ್ಲಿ ಅಂದ. ಹೋಗು, ಮಾತು ವಾಪಸ್ ತಗೋ!"

ಟಕರನ ನಗು ಅಲ್ಲೇ ನಿಂತಿತು. ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ. "ವಾಪಸ್ ತಗೊಂಡ್ರೆ, ಇವತ್ತೇ ಪರವಾನಗಿ ಬಗ್ಗೆ ಬೊಡೋ ಕೈ ಎತ್ತುತ್ತಾರೆ. ಅವನು ಒಂದ್ಸಲ ಬಂದು ಆಡು ಅಂದ, ಇಟ್ಕೋತೀನಿ ಅಂದಿಲ್ಲ ಅಲ್ವಾ? ಮತ್ತೆ... ಬೊಡೋ ಮನಸ್ಸು ಗೆಲ್ಲು ಅಂತ ನೀವೇ ಹೇಳಿದ್ರಿ."

ಗೆರ್ಲಿಂಡೆ ಒಲೆಯ ಕಡೆಗೆ ತಿರುಗಿ ನಡೆದಳು. ಮರುದಿನ ಹದಿನಾರನೇ ನಂಬರಿನ ಜೆರ್ಸಿಯ ಕೆಸರನ್ನು ಬೇರೆಯಾಗಿ, ಕೈಯಿಂದಲೇ ಉಜ್ಜಿ ತೊಳೆದಳು.

ರಜೆ ಮುಗಿದ ಮೇಲೆ ಎಡಬದಿಗೆ ಮತ್ತೆ ರಿಕೋ ಬಂದ. ಅಪ್ಪನ ಸಿಟ್ಟು ಎಷ್ಟು ದಿನ? "ಟಕರ್ ಬೆಳಗಿನ ಜಾವ ಎದ್ದು ಕೆಲ್ಸ ಮಾಡ್ತಾನಲ್ಲ, ಕಾಲು ಭಾರ ಆಗಿರುತ್ತೆ" ಎಂದು ಫೋಲ್ಕರ್ ಕನಿಕರ ತೋರಿದ. ಸಂಜೆ ಮೈದಾನ ಸುತ್ತುವ ಹೆಜ್ಜೆ ಸದ್ದು ಮೊದಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು.

ಏಪ್ರಿಲಿನ ಒಂದು ಸೋಮವಾರ ಟಕರ್ ಒಗೆಯುವ ಕೋಣೆಗೆ ಬಂದ. ಅವನು ಬರುವ ಮೊದಲೇ ಕೊಬ್ಬಿನ ವಾಸನೆ ಬಂತು. ಒಂದು ಕಂಕುಳಲ್ಲಿ ಜೆರ್ಸಿ, ಇನ್ನೊಂದರಲ್ಲಿ ಬಿಳಿ ಏಪ್ರನ್ನು. ಬಾಯಿ ಆಡುತ್ತಿತ್ತು.

"ಗೆರ್ಲಿಂಡೆ, ಇದನ್ನೂ ಹಾಕ್ಬಿಡ್ತೀಯಾ? ಮನೆ ಮಿಷನ್ನಲ್ಲಿ ರಕ್ತ ಹೋಗಲ್ಲ." ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. "ನಿನಗೂ ಒಂದು ತಂದೆ. ಇವತ್ತು ಬೆಳಗ್ಗೆ ನಾನೇ ಅರೆದಿದ್ದು, ತಾಜಾ ಇದೆ."

ಪೊಟ್ಟಣದಲ್ಲಿ ಬನ್ನು, ಅದರ ಮೇಲೆ ಗುಲಾಬಿ ಮುದ್ದೆ, ಈರುಳ್ಳಿ. ಅಂಥದ್ದೇ ಇನ್ನೊಂದನ್ನು ಟಕರ್ ನಿಂತಲ್ಲೇ ಜಗಿಯುತ್ತಿದ್ದ. ಕಣ್ಣಲ್ಲಿ ನೀರಿರಲಿಲ್ಲ.

ಅವನು ಹೋದ ಮೇಲೆ ಗೆರ್ಲಿಂಡೆ ಜೆರ್ಸಿಯನ್ನು ಬಿಡಿಸಿದಳು. ಹೋದ ವಾರ ಅವಳೇ ಮಡಚಿಟ್ಟ ಮಡಿಕೆ ಹಾಗೇ ಇತ್ತು. ಅದನ್ನು ತೊಳೆಯದೆ ಮತ್ತೆ ಕಪಾಟಿನಲ್ಲಿಟ್ಟಳು. ರಕ್ತದ ಕಲೆಗೆ ತಣ್ಣೀರೇ ಆಗಬೇಕು. ಏಪ್ರನ್ನನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಅದು ಕೆಂಪಾಗುವುದನ್ನು ನೋಡುತ್ತಾ ನಿಂತಳು.